ಬೆಳಕು ಹೀರಿದ ಅಣು ಯಾವ ದಾರಿಯಲ್ಲಿ ಒಡೆಯಿತೆಂದು ಗುರುತಿಸುವುದು ಹೇಗೆ?

ಬೆಳಕನ್ನು ಹೀರಿ ಉತ್ತೇಜಿತವಾದ ಅಣುವಿಗೆ ಒಡೆಯಲು ಹಲವು ದಾರಿಗಳು ಏಕಕಾಲಕ್ಕೆ ತೆರೆದಿರಬಹುದು. ಹುಟ್ಟಿದ ಚೂರುಗಳು ಯಾವುವೆಂದು ತಿಳಿದ ಮಾತ್ರಕ್ಕೆ ಅವು ಬಂದ ದಾರಿ ತಿಳಿಯುವುದಿಲ್ಲ. ಅವು ಶಕ್ತಿಯನ್ನು ಹೇಗೆ ಹಂಚಿಕೊಂಡಿವೆ ಎಂಬುದನ್ನು ಅಳೆಯಬೇಕು.

ಮೊದಲು ಶಕ್ತಿಯ ಲೆಕ್ಕ ಹಾಕಿಕೊಳ್ಳಿ. 1,19,627 ಎಂಬ ಸಂಖ್ಯೆಯನ್ನು ನ್ಯಾನೋಮೀಟರ್‌ಗಳಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಒಂದು ಮೋಲ್ ಫೋಟಾನುಗಳ ಶಕ್ತಿ ಕಿಲೋಜೂಲ್‌ಗಳಲ್ಲಿ ದೊರೆಯುತ್ತದೆ. ಮೀಥೈಲ್ ಅಯೋಡೈಡ್ ಮೇಲೆ 266 ನ್ಯಾನೋಮೀಟರ್ ಬೆಳಕು ಬಿದ್ದಾಗ ಸಿಗುವ ಸುಮಾರು 450 ಕಿಲೋಜೂಲ್‌ಗಳಲ್ಲಿ ಇಂಗಾಲ-ಅಯೋಡಿನ್ ಬಂಧ ಮುರಿಯಲು 233ರಷ್ಟು ವ್ಯಯವಾಗಿ, ಸುಮಾರು 217 ಉಳಿಯುತ್ತದೆ. ಅಯೋಡಿನ್ ಪರಮಾಣು ಉತ್ತೇಜಿತ ಸ್ಥಿತಿಯಲ್ಲಿ ಹೊರಬಂದರೆ ಆ ಉಳಿಕೆಯಲ್ಲಿ ಇನ್ನೂ 91 ಕಿಲೋಜೂಲ್ ಆ ಪರಮಾಣುವಿನ ಪಾಲಾಗುತ್ತದೆ. ತಳಸ್ಥಿತಿಯಲ್ಲಿ, ಅಂದರೆ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ, ಬಂದರೆ ಆ ಕಡಿತವಿಲ್ಲ. ಸಂವೇಗ ಸಂರಕ್ಷಣೆಯಾಗಬೇಕಾದ ಕಾರಣ ಚಲನಶಕ್ತಿಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹಗುರವಾದ ಇನ್ನೊಂದು ಚೂರಾದ ಮೀಥೈಲ್‌ಗೇ ಸೇರುತ್ತದೆ. ಆದ್ದರಿಂದ ಮೀಥೈಲ್‌ನ ವೇಗದ ಚಿತ್ರದಲ್ಲಿ (ಚೂರು ವೇಗವಾಗಿದ್ದಷ್ಟೂ ಅದರ ಗುರುತು ಕೇಂದ್ರದಿಂದ ದೂರ ಬೀಳುವ ಚಿತ್ರ) ಎರಡು ಉಂಗುರಗಳನ್ನು ಹುಡುಕಿ: ಹೊರಗಿನದು ತಳಸ್ಥಿತಿಯ ದಾರಿ, ಒಳಗಿನದು ಉತ್ತೇಜಿತ ಸ್ಥಿತಿಯ ದಾರಿ. ಚಾಂಡ್ಲರ್ ಮತ್ತು ಹ್ಯೂಸ್ಟನ್ 1987ರಲ್ಲಿ ಚೂರುಗಳನ್ನು ಅಯಾನುಗಳಾಗಿಸಿ ಇಂಥ ಚಿತ್ರ ತೆಗೆಯುವ ಅಯಾನು ಚಿತ್ರಣದ ವಿಧಾನವನ್ನು ಮೊದಲು ತೋರಿಸಿಕೊಟ್ಟದ್ದೂ ಇದೇ ಅಣುವಿನ ಮೇಲೆ.

ಬಳಿಕ ಹೀರಿಕೆಯ ರೋಹಿತವನ್ನು, ಅಂದರೆ ಯಾವ ತರಂಗಾಂತರದ ಬೆಳಕನ್ನು ಅಣು ಎಷ್ಟು ಹೀರುತ್ತದೆಂಬ ನಕ್ಷೆಯನ್ನು, ಗಮನಿಸಿ. ಅದು ಅಗಲವಾಗಿ, ನುಣುಪಾಗಿದ್ದರೆ ಅಣು ಬಹುಬೇಗ ಒಡೆಯುತ್ತಿದೆ ಎಂದು ಊಹಿಸಬಹುದು. ಸೂಕ್ಷ್ಮ ರೇಖೆಗಳಿದ್ದರೆ ಅದು ಒಡೆಯುವ ಮುನ್ನ ತುಸು ತಂಗುತ್ತದೆ. ರೇಖೆಗಳು ಒತ್ತೊತ್ತಾಗಿದ್ದರೂ ರೋಹಿತ ನುಣುಪಾಗಿಯೇ ಕಾಣುವುದರಿಂದ ಇದೊಂದೇ ಸಾಕ್ಷ್ಯವನ್ನು ನೆಚ್ಚಬಾರದು.

ನಿಜವಾದ ಎಚ್ಚರ ಬೇಕಾಗುವುದು ಫಾರ್ಮಾಲ್ಡಿಹೈಡ್‌ನಂಥ ಅಣುಗಳಲ್ಲಿ. ಸುಮಾರು 330 ನ್ಯಾನೋಮೀಟರ್‌ಗಿಂತ ಕಿರಿದಾದ ತರಂಗಾಂತರದಲ್ಲಿ ಅದರಿಂದ ಒಂದು ಹೈಡ್ರೋಜನ್ ಪರಮಾಣು ಕಳಚಿಕೊಳ್ಳಬಹುದು, ಇಲ್ಲವೇ ಹೈಡ್ರೋಜನ್ ಅಣು ಮತ್ತು ಕಾರ್ಬನ್ ಮಾನಾಕ್ಸೈಡ್ ಉಂಟಾಗಬಹುದು. ಈ ಎರಡನೆಯ ಜೋಡಿಗೇ ಎರಡು ದಾರಿಗಳಿವೆಯೆಂದು 2004ರಲ್ಲಿ ಸ್ಪಷ್ಟವಾಯಿತು. ಶಕ್ತಿಯ ತಡೆಯನ್ನು ಬಿಗಿಯಾದ ಸಂಕ್ರಮಣ ಸ್ಥಿತಿಯ (ತಡೆಯ ತುದಿಯಲ್ಲಿ ಪರಮಾಣುಗಳು ಒತ್ತಾಗಿ ಸೇರಿರುವ ಜೋಡಣೆಯ) ಮೂಲಕ ದಾಟಿ ಬಂದ ಕಾರ್ಬನ್ ಮಾನಾಕ್ಸೈಡ್ ರಭಸದಿಂದ ಗಿರಗಿರನೆ ತಿರುಗುತ್ತಿರುತ್ತದೆ, ಹೈಡ್ರೋಜನ್‌ನ ಕಂಪನ ಕಡಿಮೆ. ಇನ್ನೊಂದು ದಾರಿಯಲ್ಲಿ ಬಹುಪಾಲು ಕಳಚಿಕೊಂಡ ಹೈಡ್ರೋಜನ್ ಪರಮಾಣು ಪೂರ್ತಿ ದೂರವಾಗದೆ, ಉಳಿದ ಚೂರಿನ ಸುತ್ತ ಅಲೆದು, ಮತ್ತೊಂದು ಹೈಡ್ರೋಜನನ್ನು ಕಿತ್ತುಕೊಂಡು ಹೋಗುತ್ತದೆ. ಆಗ ಕಾರ್ಬನ್ ಮಾನಾಕ್ಸೈಡ್ ನಿಧಾನವಾಗಿ ತಿರುಗುತ್ತದೆ, ಹೈಡ್ರೋಜನ್ ತೀವ್ರವಾಗಿ ಕಂಪಿಸುತ್ತದೆ. ನನ್ನ ಮಟ್ಟಿಗೆ, ಉತ್ಪನ್ನಗಳ ಪಟ್ಟಿಯನ್ನಷ್ಟೇ ನಂಬಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಸಂಶಯ ಉಳಿದರೆ ಲೇಸರ್‌ನ ತರಂಗಾಂತರವನ್ನು ಹೊಸ್ತಿಲಿನ (ಪರಮಾಣು ಕಳಚಲು ಬೇಕಾದ ಕನಿಷ್ಠ ಶಕ್ತಿಯ) ಆಚೆ ಈಚೆ ಸರಿಸಿ ನೋಡಿ: ಅಲೆದಾಟದ ಗುರುತು ಪರಮಾಣು ಕಳಚುವ ಹೊಸ್ತಿಲಿನ ಆಸುಪಾಸಿನಲ್ಲಿ ಮೂಡಬೇಕು. ಅಳತೆಯನ್ನು ಅಣುಗಳ ವಿರಳ ಕಿರಣದಲ್ಲಿಯೇ ಮಾಡಿ; ಸಾಂದ್ರ ಅನಿಲದಲ್ಲಿ ಕೆಲವೇ ಡಿಕ್ಕಿಗಳಾದರೂ ತಿರುಗುವಿಕೆಯ ವೇಗ ಬದಲಾಗಿ ಎರಡು ದಾರಿಗಳ ಗುರುತುಗಳು ಒಂದರೊಳಗೊಂದು ಬೆರೆತುಹೋಗುತ್ತವೆ.