ದಿನದ ಓಡಾಟಕ್ಕೆ ರೋಡ್‌ಸ್ಟರ್: ಪ್ಲಗ್ಗು, ಹಿಂದಿನ ಟೈರು, ಧೂಳು

ಟೆಸ್ಲಾದ ಮೊದಲ ರೋಡ್‌ಸ್ಟರ್, 2008ರಿಂದ 2012ರವರೆಗೆ ಬಂದ ಎರಡು ಸೀಟಿನ ವಿದ್ಯುತ್ ಕಾರು, ನನ್ನ ದಿನಬಳಕೆಯ ಗಾಡಿ. ದಿನಕ್ಕೆ ಸುಮಾರು 60 ಕಿ.ಮೀ. ಓಡುತ್ತದೆ. ನೋಡಿದವರೆಲ್ಲ ಕೇಳುವುದು ಬ್ಯಾಟರಿ ಬಗ್ಗೆ. ನಾನು ಬಗ್ಗಿ ನೋಡುವುದು ಹಿಂದಿನ ಟೈರನ್ನು.

ಬ್ಯಾಟರಿ 53 ಯೂನಿಟ್ಟಿನದು (ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್), ಒಳಗೆ 6,831 ಸಣ್ಣ ಸೆಲ್‌ಗಳು. ನಿಧಾನಕ್ಕೆ ಓಡಿಸಿದರೆ ಕಿ.ಮೀ.ಗೆ 135 ವ್ಯಾಟ್-ಅವರ್ ಸಾಕು, ವೇಗ 110 ಮುಟ್ಟಿದರೆ 170ರ ಹತ್ತಿರ. ನಾನು 150 ಹಿಡಿಯುತ್ತೇನೆ, ಅಂದರೆ ದಿನಕ್ಕೆ 9 ಯೂನಿಟ್. 16 ಆಂಪಿಯರ್ ಸಾಕೆಟ್‌ನಲ್ಲಿ ಮೂರು ಗಂಟೆಯೊಳಗೆ ತುಂಬುತ್ತದೆ. ಇದಕ್ಕಿಂತ ಕಡಿಮೆ ಆಂಪಿಯರ್‌ನಲ್ಲಿ ಹಾಕುವುದು ದಂಡ. ಚಾರ್ಜ್ ಆಗುವಷ್ಟು ಹೊತ್ತೂ ಬ್ಯಾಟರಿ ತಂಪು ಮಾಡುವ ಪಂಪು ಓಡುತ್ತಿರುತ್ತದೆ. ಹೊತ್ತು ಹೆಚ್ಚಾದಷ್ಟೂ ಅದೇ ಕರೆಂಟು ತಿನ್ನುತ್ತದೆ. ದಾರಿಬದಿಯ ಸ್ಟೇಷನ್‌ನಲ್ಲಿ ಬೇಗ ತುಂಬಿಸುವ ಡಿಸಿ ಫಾಸ್ಟ್ ಚಾರ್ಜಿಂಗ್ ಈ ಗಾಡಿಗೆ ಇಲ್ಲ, ಹಾಗಾಗಿ ದೂರದ ಪ್ರಯಾಣದ ಆಸೆ ಬೇಡ.

ಚಾರ್ಜಿಂಗ್‌ಗೆ ದಿನವೂ ಸ್ಟ್ಯಾಂಡರ್ಡ್ ಮೋಡ್, ಅದು ಬ್ಯಾಟರಿಯನ್ನು ಪೂರ್ತಿ ತುಂಬಿಸುವುದಿಲ್ಲ. ರೇಂಜ್ ಮೋಡ್‌ನಲ್ಲಿ ಪೂರ್ತಿ ತುಂಬಿಸುವುದು ದೂರ ಹೋಗುವ ದಿನ ಮಾತ್ರ, ಅದೂ ತುಂಬಿದ ಕೂಡಲೇ ಹೊರಡುವ ಹಾಗೆ. ಎರಡು ವಾರ ನಿಲ್ಲಿಸುವುದಿದ್ದರೆ ಬ್ಯಾಟರಿಯನ್ನು ಕಡಿಮೆ ಚಾರ್ಜ್‌ನಲ್ಲಿ ಕಾಯ್ದಿಡುವ ಸ್ಟೋರೇಜ್ ಮೋಡ್‌ಗೆ ಹಾಕಿ ಪ್ಲಗ್ ಚುಚ್ಚಿಯೇ ಬಿಡುತ್ತೇನೆ. ಖಾಲಿ ಬ್ಯಾಟರಿಯ ಗಾಡಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಸೆಲ್‌ಗಳು ಮತ್ತೆ ಏಳದಷ್ಟು ಕೆಳಗಿಳಿಯುತ್ತವೆ. ಇದೊಂದು ತಪ್ಪಿಗೆ ರಿಪೇರಿ ಇಲ್ಲ.

ಈಗ ಟೈರು. ಮುಂದೆ 175/55 ಆರ್16, ಹಿಂದೆ 225/45 ಆರ್17. ಅಳತೆ ಬೇರೆಬೇರೆ, ಹಿಂದು-ಮುಂದು ಅದಲುಬದಲು ಮಾಡುವ ಹಾಗಿಲ್ಲ. ಮೋಟಾರಿನ ಎಳೆತ, ಆಕ್ಸಿಲರೇಟರ್‌ನಿಂದ ಕಾಲೆತ್ತಿದಾಗ ಬರುವ ರೀಜೆನ್ (ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟು ಮರಳಿಸುವುದು), ಎರಡೂ ಹಿಂದಿನ ಚಕ್ರಗಳ ಮೇಲೇ. ಭಾರವೂ ಹಿಂದೆಯೇ ಹೆಚ್ಚು. ಮುಂದಿನ ಒಂದು ಜೊತೆ ಸವೆಯುವಷ್ಟರಲ್ಲಿ ಹಿಂದೆ ಎರಡು ಜೊತೆ ಮುಗಿಯುತ್ತವೆ. ಚಕ್ರ ಕೊಂಚ ಒಳಗೆ ವಾಲಿರುವುದರಿಂದ ಒಳಅಂಚು ಮೊದಲು ಸವೆಯುತ್ತದೆ, ನಿಂತು ನೋಡಿದರೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಗೇಜನ್ನು ಒಳಅಂಚಿನ ಗೀರಿಗೇ ಇಟ್ಟು ಆಳ ಅಳೆಯುತ್ತೇನೆ. 3 ಮಿ.ಮೀ. ಆದರೆ ಬದಲು. 1.6ರ ತನಕ ಎಳೆಯುವುದು ಒಣ ರಸ್ತೆಯವರ ಧೈರ್ಯ: ಒದ್ದೆ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲೆತ್ತಿದರೆ ರೀಜೆನ್ ಹಿಂದಿನ ಚಕ್ರಗಳನ್ನಷ್ಟೇ ತಡೆಯುತ್ತದೆ, ಹಿಂಭಾಗ ಜಾರಿ ಹೊರಗೆ ಬರುತ್ತದೆ. ಮಳೆಯಲ್ಲಿ ತಿರುವಿಗೆ ಮೊದಲೇ ಕಾಲನ್ನು ಮೆಲ್ಲಗೆ ಸಡಿಲಿಸುವುದೇ ಅಭ್ಯಾಸವಾಗಬೇಕು.

ಬ್ರೇಕ್ ಪೆಡಲ್‌ಗೂ ರೀಜೆನ್‌ಗೂ ಸಂಬಂಧವಿಲ್ಲ. ಪೆಡಲ್ ತುಳಿಯುವ ಸಂದರ್ಭವೇ ಕಡಿಮೆ, ಹಾಗಾಗಿ ಡಿಸ್ಕ್‌ಗೆ ತುಕ್ಕು. ವಾರಕ್ಕೊಮ್ಮೆ ಹಿಂದೆ ಯಾರೂ ಇಲ್ಲದಾಗ 60ರಿಂದ 20ಕ್ಕೆ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಉಜ್ಜಿಹೋಗುತ್ತದೆ. ಬ್ರೇಕ್ ಎಣ್ಣೆ ಎರಡು ವರ್ಷಕ್ಕೊಮ್ಮೆ.

ಮೋಟಾರಿಗೂ ಅದರ ಪವರ್ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗೂ ಗಾಳಿಯೇ ತಂಪು. ಫ್ಯಾನು ಎಳೆದುಕೊಂಡ ಧೂಳು, ಎಲೆಚೂರು ಒಳಗಿನ ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತದೆ. ಬಿಸಿಲಲ್ಲಿ ಏರು ಹತ್ತುವಾಗ ಪವರ್ ತಾನಾಗಿಯೇ ಕುಗ್ಗತೊಡಗಿದರೆ ಮೊದಲ ಅನುಮಾನ ಇಲ್ಲಿಗೇ. ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿ ಮಾಡಿಸುತ್ತೇನೆ. ಹೈವೋಲ್ಟೇಜ್ ಕಲಿತವರ ಕೆಲಸವದು, ಸ್ವಂತ ಕೈಚಳಕಕ್ಕೆ ಜಾಗವಲ್ಲ.

ಹತ್ತಿ ಇಳಿಯುವುದಕ್ಕೂ ಒಂದು ಕ್ರಮವಿದೆ. ಬಾಗಿಲ ಕೆಳಗಿನ ಅಗಲವಾದ ಪಟ್ಟಿಯ ಮೇಲೆ ಕೂತು, ಸರಿದು ಸೀಟಿಗೆ ಇಳಿದು, ಕೊನೆಗೆ ಕಾಲು ಒಳಗೆಳೆದುಕೊಳ್ಳಬೇಕು. ಪಂಚೆ ಉಟ್ಟವರಿಗೆ ಹೇಳಿದ್ದಲ್ಲ.