ಮಗಳ ಹುಳಿತೇಗಿಗೆ ಎಂಟು ವಾರದ ಔಷಧಿ

"ಅಮ್ಮಾ, ಗಂಟಲಿಗೆ ಹುಣಸೆ ನೀರು ಬಂತು."

ಆರು ವರ್ಷದ ಮಗಳು ರಾತ್ರಿ ಮಲಗಿದ ಅರ್ಧ ಗಂಟೆಗೆ ಎದ್ದು ಕೂತು ಹೀಗೆ ಹೇಳುತ್ತಿದ್ದಳು. ನಿದ್ದೆ ಬೇಡ ಅನ್ನೋದಕ್ಕೆ ನೆಪ ಅಂತ ನಾನು ಮೊದಲು ಗದರಿಸಿದ್ದೆ. ಆಮೇಲೆ ಎದೆ ಮೇಲೆ ಕೈ ಇಟ್ಟು "ಇಲ್ಲಿ ಉರಿಯುತ್ತೆ" ಅನ್ನೋಕೆ ಶುರು ಮಾಡಿದಳು. ಸ್ಕೂಲಿಂದ ಊಟದ ಡಬ್ಬಿ ಅರ್ಧಕ್ಕರ್ಧ ವಾಪಸ್ ಬರುತ್ತಿತ್ತು.

ಅತ್ತೆ ಜೀರಿಗೆ ಕಷಾಯ ಮಾಡಿ ಕೊಟ್ಟರು. ಎರಡು ದಿನ ಕುಡಿದಳು, ಮೂರನೇ ದಿನ ಲೋಟ ಕಂಡರೇ ಓಡಿದಳು. ಮಾವ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ತಗೊಳ್ತಾರೆ. "ನನ್ನ ಗ್ಯಾಸ್ ಮಾತ್ರೆನೇ ಅರ್ಧ ಮುರಿದು ಕೊಡಮ್ಮ, ಏನೂ ಆಗಲ್ಲ" ಅಂದರು. ಮನಸ್ಸು ಒಪ್ಪಲಿಲ್ಲ, ಮಕ್ಕಳ ಡಾಕ್ಟರ ಹತ್ತಿರ ಹೋದೆ. ಕೊಡದೇ ಇದ್ದದ್ದು ಒಳ್ಳೆಯದಾಯಿತು. ಆ ಮಾತ್ರೆಗೆ ಹೊಟ್ಟೆಯ ಹುಳಿಯಲ್ಲಿ ಕರಗದಂತೆ ಹೊರಗೆ ಒಂದು ಪದರ ಇರುತ್ತದಂತೆ. ಮುರಿದರೆ ಆ ರಕ್ಷಣೆ ಹೋಯಿತು. ಪ್ರಮಾಣವೂ ದೊಡ್ಡವರದ್ದು.

ಡಾಕ್ಟರು ಮೊದಲು ತೂಕ ನೋಡಿದರು. 18 ಕೆ.ಜಿ. ಊಟ ಎಷ್ಟು ಗಂಟೆಗೆ, ಮಲಗೋದು ಎಷ್ಟು ಗಂಟೆಗೆ, ವಾಂತಿಯಲ್ಲಿ ರಕ್ತ ಕಂಡಿದೆಯಾ, ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತಾ, ತೂಕ ಇಳಿದಿದೆಯಾ ಅಂತೆಲ್ಲ ಕೇಳಿದರು. ಆಮೇಲೆ ಹೊಟ್ಟೆಯ ಹುಳಿ ತಗ್ಗಿಸುವ ಒಮೆಪ್ರಜೋಲ್, 10 ಮಿ.ಗ್ರಾಂ. ಕ್ಯಾಪ್ಸೂಲ್ ಬರೆದರು. ದಿನಕ್ಕೊಂದು, ಬೆಳಿಗ್ಗೆ ಖಾಲಿ ಹೊಟ್ಟೆಗೆ. ನಾಲ್ಕು ವಾರ ಆದ ಮೇಲೆ ಬಂದು ತೋರಿಸಿ ಅಂದರು. ಈ ಪ್ರಮಾಣ ಅವಳ ತೂಕಕ್ಕೆ, ಅವಳ ತೊಂದರೆಗೆ ಬರೆದದ್ದು. ನಿಮ್ಮ ಮಗುವಿಗೂ ಇಷ್ಟೇ ಅಂತ ದಯವಿಟ್ಟು ತಿಳಿಯಬೇಡಿ.

ತಪ್ಪು ಮಾಡಿದ್ದು ಮನೆಗೆ ಬಂದ ಮೇಲೆ. ಮಗಳಿಗೆ ಕ್ಯಾಪ್ಸೂಲ್ ನುಂಗೋಕೆ ಬರಲ್ಲ. ಬಿಚ್ಚಿದರೆ ಒಳಗೆ ಗಸಗಸೆಗಿಂತ ಸ್ವಲ್ಪ ದಪ್ಪ ಇರುವ ಬಿಳಿ ಕಾಳುಗಳು. ಬೆಳಿಗ್ಗೆ ಎದ್ದ ತಕ್ಷಣ ಅವಳಿಗೆ ಬಿಸಿ ಹಾಲು ಬೇಕೇ ಬೇಕು. ಆ ಕಾಳುಗಳನ್ನು ಚಮಚದ ಹಿಂಭಾಗದಲ್ಲಿ ಪುಡಿ ಮಾಡಿ ಹಾಲಿಗೆ ಕದಡಿ ಕೊಟ್ಟೆ. ಕಹಿ ಅಂತ ಮುಖ ಕಿವುಚಿಕೊಂಡು ಕುಡಿದಳು. ಹತ್ತು ದಿನ ಹೀಗೇ ನಡೆಯಿತು. ರಾತ್ರಿಯ ಹುಣಸೆ ನೀರು ಮಾತ್ರ ನಿಲ್ಲಲಿಲ್ಲ.

ಫೋನ್ ಮಾಡಿದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಹೇಗೆ ಕೊಡ್ತಿದ್ದೀರಿ?" ಹೇಳಿದೆ. ಅವರು ಬೈಯಲಿಲ್ಲ, ತಾಳ್ಮೆಯಿಂದ ಬಿಡಿಸಿ ಹೇಳಿದರು. ಪ್ರತಿ ಕಾಳಿಗೂ ಅದರದೇ ಪದರ ಇದೆ. ಪುಡಿ ಮಾಡಿದರೆ ಹೊಟ್ಟೆಯ ಹುಳಿಯೇ ಔಷಧಿಯನ್ನು ಕೆಡಿಸುತ್ತದೆ. ಹಾಲಿಗೆ ಹಾಕಿದರೆ ಆ ಪದರ ಲೋಟದಲ್ಲೇ ಬಿಡಲು ಶುರುವಾಗುತ್ತದೆ. ಜೊತೆಗೆ ಈ ಔಷಧಿ ಹೊಟ್ಟೆಯಲ್ಲಿ ಆಗಲೇ ಇರುವ ಹುಳಿಯನ್ನು ಇಂಗಿಸುವುದಿಲ್ಲ, ಹುಳಿ ಸುರಿಸುವ ಪಂಪುಗಳನ್ನು ಮುಚ್ಚುತ್ತದೆ. ಊಟ ಬಿದ್ದಾಗ ಆ ಪಂಪುಗಳು ಎಚ್ಚರವಾಗುತ್ತವೆ. ಅಷ್ಟು ಹೊತ್ತಿಗೆ ಔಷಧಿ ರಕ್ತದಲ್ಲಿ ಇರಬೇಕು. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮುಂಚೆ.

ಮಾರನೇ ದಿನದಿಂದ ಕ್ರಮ ಬದಲಾಯಿತು. ಆರೂವರೆಗೆ ಎಬ್ಬಿಸಿ ಬಾಯಿ ಮುಕ್ಕಳಿಸುವುದು. ಬೇಯಿಸಿ ಮಸೆದ ಸೇಬು ಒಂದೇ ಚಮಚ, ಅದೂ ಆರಿರಬೇಕು. ಕಾಳುಗಳನ್ನು ಅದರ ಮೇಲೆ ಉದುರಿಸಿ ತಕ್ಷಣ ಬಾಯಿಗೆ. ಮೊದಲ ದಿನ ಕಟುಕುಟು ಅಂತ ಕಡಿದೇ ಬಿಟ್ಟಳು. ಆಗ ಕಾಮಕಸ್ತೂರಿ ಬೀಜ ನೆನಪಾಯಿತು. ಬೇಸಿಗೆಯಲ್ಲಿ ಪಾನಕಕ್ಕೆ ಹಾಕ್ತೀವಲ್ವಾ, ಅದನ್ನು ಅವಳು ಅಗಿಯದೆ ಜಾರಿಸಿ ನುಂಗುತ್ತಾಳೆ. ಸಂಜೆ ಒಂದು ಚಮಚ ನೆನೆಸಿದ ಬೀಜ ಕೊಟ್ಟು "ಹೀಗೇ ನುಂಗಬೇಕು ಪುಟ್ಟಿ" ಅಂತ ಅಭ್ಯಾಸ ಮಾಡಿಸಿದೆ. ಎರಡೇ ದಿನದಲ್ಲಿ ಕಲಿತಳು. ಮೇಲೊಂದು ಗುಟುಕು ನೀರು, ಆಮೇಲೆ "ಆ..." ಅನ್ನಿಸಿ ಹಲ್ಲಿನ ಸಂದಿ ನೋಡುತ್ತಿದ್ದೆ. ಒಂದೆರಡು ಕಾಳು ಅಂಟಿದ್ದರೆ ಇನ್ನೊಂದು ಗುಟುಕು. ಏಳು ಗಂಟೆಗೆ ತಿಂಡಿ. ಹಾಲು ಸಂಜೆಗೆ ಹೋಯಿತು.

ರಾತ್ರಿ ಊಟವನ್ನೂ ಒಂಬತ್ತೂವರೆಯಿಂದ ಏಳೂವರೆಗೆ ತಂದೆವು. ಇದು ಔಷಧಿಗಿಂತ ಕಷ್ಟವಾಯಿತು, ಯಾಕೆಂದರೆ ಮನೆಮಂದಿಯೆಲ್ಲ ಬದಲಾಗಬೇಕಿತ್ತು. ನಮ್ಮವರು ಅಂಗಡಿ ಮುಚ್ಚಿ ಬರುವವರೆಗೆ ಕಾದು ಒಟ್ಟಿಗೆ ಊಟ ಮಾಡೋದು ರೂಢಿ. ಈಗ ಅವಳು ಅಜ್ಜ ಅಜ್ಜಿ ಜೊತೆ ಮೊದಲೇ ಮುಗಿಸುತ್ತಾಳೆ.

ವಾರ ಕಳೆಯುವಷ್ಟರಲ್ಲಿ ರಾತ್ರಿ ಏಳುವುದು ನಿಂತಿತು. ನಾಲ್ಕು ವಾರಕ್ಕೆ ತೋರಿಸಿದಾಗ ಇನ್ನೂ ನಾಲ್ಕು ವಾರ ಕೊಟ್ಟು ಒಟ್ಟು ಎಂಟಕ್ಕೆ ನಿಲ್ಲಿಸಿ ಅಂದರು. ಹುಳಿ ಹೊಟ್ಟೆಯ ಕಾವಲುಗಾರ, ಬಹಳ ದಿನ ಕಟ್ಟಿಹಾಕಿದರೆ ಹೊಟ್ಟೆಯ ಮತ್ತು ಎದೆಯ ಸೋಂಕು ಜಾಸ್ತಿಯಾಗಬಹುದಂತೆ. ನಿಲ್ಲಿಸಿದ ಮೇಲೆ ಕೆಲವು ದಿನ ಹುಳಿ ಮತ್ತೆ ಏರಬಹುದು, ಗಾಬರಿಯಾಗಿ ನೀವೇ ಶುರು ಮಾಡಬೇಡಿ ಅಂತಲೂ ಮೊದಲೇ ಹೇಳಿದ್ದರು. ಹಾಗೇ ಆಯಿತು. ಐದಾರು ದಿನ ಹುಳಿತೇಗು ಬಂತು, ತಾನೇ ಹೋಯಿತು.

ಮುಂದಿನ ವರ್ಷ ಮಗ ಹುಟ್ಟಿದ. ಮೂರು ತಿಂಗಳಲ್ಲಿ ಪ್ರತಿ ಸಲ ಹಾಲು ಕುಡಿದ ಮೇಲೂ ಕಕ್ಕುತ್ತಿದ್ದ. ನನಗೆ ಅಕ್ಕನದೇ ಕಾಯಿಲೆ ಅನ್ನಿಸಿ ಡ್ರಾಪ್ಸ್ ಕೇಳಿದೆ. ಅದೇ ಡಾಕ್ಟರು ತೂಕ ನೋಡಿದರು, ಡ್ರಾಪ್ಸ್ ಮಾತ್ರ ಬರೆಯಲಿಲ್ಲ. ಮಗು ಚೆನ್ನಾಗಿ ಕುಡಿದು, ನಕ್ಕು, ತೂಕ ಏರುತ್ತಿದ್ದರೆ ಸುಮ್ನೆ ಕಕ್ಕುವುದಕ್ಕೆ ಹುಳಿ ತಗ್ಗಿಸುವ ಔಷಧಿ ಬೇಡ ಅಂದರು. ನಾಲ್ಕು ತಿಂಗಳ ಸುಮಾರಿಗೆ ಇದು ಜಾಸ್ತಿ, ವರ್ಷ ಒಂದೂವರೆ ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ತಾನೇ ನಿಲ್ಲುತ್ತದೆ. ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ದೂರಕ್ಕೆ ಚಿಮ್ಮಿದರೆ, ಮಗು ಕುಡಿಯದೆ ಮಂಕಾದರೆ ಅವತ್ತೇ ಕರೆದುಕೊಂಡು ಬನ್ನಿ ಅಂದರು. ಮಲಗಿಸುವಾಗ ಅಂಗಾತವೇ ಮಲಗಿಸಿ, ತಲೆದಿಂಬು ಬೇಡ.

ಅವನಿಗೆ ನಾನು ಮಾಡಿದ್ದು ಹಾಲು ಕುಡಿಸಿದ ಮೇಲೆ ಇಪ್ಪತ್ತು ನಿಮಿಷ ಭುಜದ ಮೇಲೆ ಹಾಕಿಕೊಂಡು ಓಡಾಡಿದ್ದು ಅಷ್ಟೇ. ಹನ್ನೊಂದನೇ ತಿಂಗಳಲ್ಲಿ ಒಂದು ದಿನ ಬಟ್ಟೆ ಒಗೆಯುವಾಗ ನೋಡಿದೆ, ನನ್ನ ಭುಜದ ಟವೆಲ್ಲಿನಲ್ಲಿ ಹಾಲಿನ ಕಲೆ ಇರಲಿಲ್ಲ.