ಮಕ್ಕಳ ಮೈನಸ್ ನಂಬರ್: ಹಳೇ ಚೀಟಿ ಎಸೆಯಬೇಡಿ

ನಾನು ಹಾಸನದಲ್ಲಿ ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆದುಕೊಡುವವನು. ಜೂನ್ ಬಂತೆಂದರೆ ನಮ್ಮಲ್ಲಿ ಮಕ್ಕಳದೇ ಸಂತೆ. ಜೊತೆಗೆ ಬಂದವರನ್ನು ನಾನು ಮೊದಲು ಕೇಳುವುದು, "ಹೋದ ವರ್ಷದ ಕನ್ನಡಕದ ಚೀಟಿ ಇದೆಯಾ?" ಹೆಚ್ಚಿನವರ ಹತ್ತಿರ ಇರುವುದಿಲ್ಲ. ಈಗ ನಂಬರ್ ಎಷ್ಟಿದೆ ಅನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಏರುತ್ತಿದೆ ಅನ್ನುವುದು ನನಗೆ ಮುಖ್ಯ.

ಚೀಟಿ ಓದುವುದು ಸುಲಭ. ಆರ್‌ಇ ಬಲಗಣ್ಣು, ಎಲ್‌ಇ ಎಡಗಣ್ಣು. ಸ್ಫಿಯರ್ (SPH) ಅಂತ ಬರೆದ ಕಾಲಮ್ಮಿನ ಕೆಳಗೆ ಮೈನಸ್ ಇದ್ದರೆ ದೂರದ್ದು ಮಸುಕು. 100ನ್ನು ಆ ನಂಬರಿನಿಂದ ಭಾಗಿಸಿ. ಕನ್ನಡಕ ಇಲ್ಲದೆ ಮಗುವಿಗೆ ಎಷ್ಟು ಸೆಂಟಿಮೀಟರ್‌ವರೆಗೆ ಸ್ಪಷ್ಟ ಅಂತ ಅಂದಾಜು ಸಿಗುತ್ತದೆ. ಮೈನಸ್ 2 ಇದ್ದರೆ 50 ಸೆಂ.ಮೀ. ಮೈನಸ್ 4 ಇದ್ದರೆ 25, ಅಂದರೆ ಹೆಚ್ಚುಕಡಿಮೆ ಒಂದು ಗೇಣು. "ಮನೇಲಿ ಪುಸ್ತಕ ಚೆನ್ನಾಗೇ ಓದ್ತಾನೆ, ಅವನಿಗೇನು ತೊಂದರೆ?" ಅನ್ನುವವರಿಗೆ ಉತ್ತರ ಇಲ್ಲೇ ಇದೆ. ಪುಸ್ತಕ ಆ ಗೇಣಿನೊಳಗೇ ಇರುತ್ತದೆ, ಬೋರ್ಡ್ ಇರುವುದಿಲ್ಲ.

ಆಗುವುದಿಷ್ಟೇ: ಕಣ್ಣುಗುಡ್ಡೆ ಹಿಂದಕ್ಕೆ ಜಾಸ್ತಿ ಉದ್ದ ಬೆಳೆಯುತ್ತದೆ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸುಮಾರು ಎರಡೂವರೆ ನಂಬರ್. ಬೆಳೆದ ಗುಡ್ಡೆ ಮತ್ತೆ ಚಿಕ್ಕದಾಗುವುದಿಲ್ಲ. ಹಾಗಾಗಿ ಕ್ಯಾರೆಟ್ ತಿಂದರೂ ಕಣ್ಣಿನ ವ್ಯಾಯಾಮ ಮಾಡಿದರೂ ನಂಬರ್ ಇಳಿಯುವುದಿಲ್ಲ. ಕ್ಯಾರೆಟ್ ತಿನ್ನಿಸಿ, ಬೇಡ ಅನ್ನಲ್ಲ. ಏರುವ ವೇಗ ತಗ್ಗಿಸುವುದಷ್ಟೇ ನಮ್ಮ ಕೈಲಿರುವುದು. ಮೈನಸ್ 6 ದಾಟಿದರೆ ಮುಂದೆ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಕಳಚುವಂಥ ತೊಂದರೆಗಳ ಭಯ ಜಾಸ್ತಿ.

ಮೊದಲ ಸಲ ಪರೀಕ್ಷೆಗೆ ಹೋದಾಗ ಕಣ್ಣಿನ ಬಿಗಿ ಸಡಿಲಿಸುವ ಡ್ರಾಪ್ಸ್ ಹಾಕಿಸಿಯೇ ನೋಡಿಸಿ. ಮಕ್ಕಳು ಯಂತ್ರದೊಳಗೆ ನೋಡುವಾಗ ಕಣ್ಣು ಬಿಗಿ ಹಿಡಿಯುತ್ತಾರೆ, ಇಲ್ಲದ ಮೈನಸ್ ಕೂಡ ಬರುತ್ತದೆ. ಸುಮ್ನೆ ಕಂಪ್ಯೂಟರ್ ಟೆಸ್ಟ್ ಚೀಟಿ ನೋಡಿ ಕನ್ನಡಕ ಮಾಡಿಸಬೇಡಿ. ಡ್ರಾಪ್ಸ್ ಹಾಕಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ, ಬಿಸಿಲು ಕುಕ್ಕುತ್ತದೆ. ಮಾರನೇ ದಿನ ಶಾಲೆಯಲ್ಲಿ ಪರೀಕ್ಷೆ ಇದ್ದರೆ ಬೇಡ. ಒಂದು ಟೋಪಿ ತನ್ನಿ.

"ಕಡಿಮೆ ನಂಬರ್ ಕೊಡಿ ಸರ್, ಪೂರ್ತಿ ಕೊಟ್ಟರೆ ಕಣ್ಣಿಗೆ ಅಭ್ಯಾಸ ಆಗಿಬಿಡುತ್ತೆ" ಅಂತ ಅಜ್ಜಿಯರು ಹೇಳುತ್ತಾರೆ. ಮಲೇಷ್ಯಾದ ಮಕ್ಕಳ ಮೇಲೆ ಇದನ್ನೇ ಮಾಡಿ ನೋಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಿಮೆ ನಂಬರ್ ಹಾಕಿದವರದ್ದೇ ಜಾಸ್ತಿ ಏರಿತ್ತು. ಪೂರ್ತಿ ನಂಬರ್ ಹಾಕಿಸಿ.

ಇನ್ನು ಬಿಸಿಲು, ಬಯಲು. ತೈವಾನ್‌ನಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿರಿಸುವ ಕಾರ್ಯಕ್ರಮವಿದೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯವರಿಗೆ ದಿನಾ 40 ನಿಮಿಷ ಹೆಚ್ಚು ಹೊರಗೆ ಆಟ ಆಡಿಸಿದರು. ಮೂರು ವರ್ಷದಲ್ಲಿ ಮೈನಸ್ ಬಂದವರು ನೂರಕ್ಕೆ ಸುಮಾರು 30. ಹಾಗೆ ಆಡಿಸದ ಶಾಲೆಗಳಲ್ಲಿ ಸುಮಾರು 40. ಇದರ ಲಾಭ ಹೆಚ್ಚು ಇನ್ನೂ ಕನ್ನಡಕ ಬಂದಿಲ್ಲದ ಮಗುವಿಗೆ. ಅಕ್ಕನಿಗೆ ಕನ್ನಡಕ ಬಂದಿದ್ದರೆ ತಮ್ಮನನ್ನು ಟ್ಯೂಷನ್‌ನಿಂದ ಬಿಡಿಸಿ ಹೊರಗೆ ಕಳಿಸಿ. ಮರದ ನೆರಳಾದರೂ ಸಾಕು, ಮನೆಯೊಳಗಿನ ಟ್ಯೂಬ್‌ಲೈಟ್‌ಗಿಂತ ಅಲ್ಲಿ ಬೆಳಕು ಎಷ್ಟೋ ಪಟ್ಟು ಜಾಸ್ತಿ.

ವರ್ಷಕ್ಕೆ ಅರ್ಧ ನಂಬರ್ ಅಥವಾ ಹೆಚ್ಚು ಏರುತ್ತಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಎರಡು ವಿಷಯ ಕೇಳಿ: ಏರಿಕೆ ನಿಧಾನಿಸುವ ವಿಶೇಷ ಲೆನ್ಸ್, ರಾತ್ರಿ ಕಣ್ಣಿಗೆ ಹಾಕುವ ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್. ಲೆನ್ಸ್ ದುಬಾರಿ. ಅಟ್ರೋಪಿನ್ ಮಾತ್ರ ನೀವೇ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರಬೇಡಿ. ಡಾಕ್ಟರು 0.01 ಪರ್ಸೆಂಟ್ ಬರೆದಿರುತ್ತಾರೆ. ಅದೇ ಹೆಸರಿನ 1 ಪರ್ಸೆಂಟ್ ಅದರ ನೂರು ಪಟ್ಟು.

ಫ್ರೇಮ್ ವಿಷಯ. ಯೂನಿಫಾರ್ಮ್ ಹೊಲಿಸುವ ಹಾಗೆ "ಬೆಳೆಯೋ ಮಗು" ಅಂತ ದೊಡ್ಡದು ಕೊಳ್ಳುತ್ತಾರೆ. ಅದು ಮೂಗಿನ ತುದಿಗೆ ಜಾರುತ್ತದೆ, ಮಗು ಗಾಜಿನ ಮೇಲಿಂದ ಇಣುಕುತ್ತದೆ. ಕಣ್ಣಿನ ಕರಿಗುಡ್ಡೆ ಲೆನ್ಸಿನ ನಡುಮಧ್ಯಕ್ಕೆ ಬರುತ್ತದಾ ನೋಡಿ. ತಲೆ ಬಗ್ಗಿಸಿ ಅಲ್ಲಾಡಿಸಲು ಹೇಳಿ, ಬೀಳಬಾರದು. ಲೆನ್ಸ್ ಪಾಲಿಕಾರ್ಬೋನೇಟ್ ಇರಲಿ, ಆಟದಲ್ಲಿ ಚೆಂಡು ಬಡಿದರೆ ಚೂರಾಗುವುದಿಲ್ಲ. ಆದರೆ ಗೀರು ಬೇಗ ಬೀಳುತ್ತದೆ. ಅಂಗಿಯ ಅಂಚಲ್ಲಿ ಒರೆಸುವ ಚಟ ಬಿಡಿಸಿ, ನೀರಲ್ಲಿ ತೊಳೆಯಲು ಕಲಿಸಿ.

ಆರು ತಿಂಗಳಿಗೊಮ್ಮೆ ನೋಡಿಸಿದರೆ ಸಾಕು. ಆದರೆ ಕರಿಗುಡ್ಡೆಯಲ್ಲಿ ಬಿಳಿ ಹೊಳಪು ಕಂಡರೆ, ಹೊಸದಾಗಿ ಮೆಳ್ಳೆಗಣ್ಣು ಬಂದರೆ, ಮಗು ಮಿಂಚು ಮಿಂಚು ಕಾಣುತ್ತೆ ಅಂದರೆ ನಮ್ಮಂಥ ಅಂಗಡಿಗೆ ಬರಬೇಡಿ. ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ.